1973ರ ಎಂಜಿಬಿ ತಗೋಬೇಕು ಅಂತಿದೀನಿ, ನೋಡಕ್ಕೆ ಹೋದಾಗ ಏನೇನ್ ಚೆಕ್ ಮಾಡ್ಲಿ?

ಪ್ರಶ್ನೆ:

ಅಣ್ಣ ನಮಸ್ಕಾರ. ನಾನು ಹಾಸನದ ಕಡೆಯವ್ನು, ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯ್ತು, ಈಗ ರೆಡಿಂಗ್‌ನಲ್ಲಿದೀನಿ. ನೀವು ಇಲ್ಲಿ ಹಳೇ ಬ್ರಿಟಿಷ್ ಕಾರು ರಿಪೇರಿ ಕೆಲಸದಲ್ಲೇ ಇದೀರ ಅಂತ ಗ್ರೂಪಲ್ಲಿ ನೋಡ್ದೆ, ಅದಕ್ಕೇ ಕೇಳ್ತಿದೀನಿ. 1973ರ ಎಂಜಿಬಿ ರೋಡ್‌ಸ್ಟರ್ ಒಂದು, ಅಂದ್ರೆ ಗಟ್ಟಿ ರೂಫ್ ಇಲ್ಲದ ಹಳೇ ಸ್ಪೋರ್ಟ್ಸ್ ಕಾರು, ಮಾರಾಟಕ್ಕಿದೆ, ಕ್ರೋಮ್ ಬಂಪರ್, ಕಡು ಹಸಿರು ಬಣ್ಣ, ವೈರ್ ವೀಲು, ಓವರ್‌ಡ್ರೈವ್ (ಸ್ವಿಚ್ ಹಾಕಿದ್ರೆ ಇಂಜಿನ್ ಸುತ್ತು ಇಳಿಸೋ ಎಕ್ಸ್ಟ್ರಾ ಗೇರ್) ಇದೆ, 8,500 ಪೌಂಡ್ ಹೇಳ್ತಿದಾರೆ. ಹೋದ ವರ್ಷ ಪೂರ್ತಿ ಪೇಂಟ್ ಮಾಡ್ಸಿದಾರಂತೆ, ಬಾಗಿಲ ಕೆಳಗಿನ ಸಿಲ್ ಕೂಡ ಹೊಸದು ಹಾಕ್ಸಿದೀನಿ ಅಂದ್ರು, ಆದ್ರೆ ಬಿಲ್ ಸಿಗ್ತಿಲ್ಲವಂತೆ. ಎಂಓಟಿ (ಇಲ್ಲಿಯ ವಾರ್ಷಿಕ ಫಿಟ್ನೆಸ್) ಟೆಸ್ಟ್ ಇಲ್ಲ, 40 ವರ್ಷ ದಾಟಿದ ಗಾಡಿಗೆ ಬೇಕಾಗಿಲ್ಲ ಅಂದ್ರು, ಅದು ನಿಜಾನಾ?

ನಮ್ಮಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ರು, ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಅವರು ಕೆಲಸ ಮಾಡ್ತಿದ್ರೆ ನಾನು ಪಕ್ಕದಲ್ಲಿ ಸ್ಪ್ಯಾನರ್ ಕೊಡ್ತಾ ನಿಂತಿರ್ತಿದ್ದೆ, ಆ ಥರ ಕೈಯಾರೆ ರಿಪೇರಿ ಮಾಡ್ಕೊಳೋ ಕಾರು ನನಗೂ ಒಂದು ಬೇಕು ಅಂತ ಬಹಳ ವರ್ಷದ ಆಸೆ. ಮನೆಯವಳು ಬೇಡ ಅಂತಿಲ್ಲ, ಆದ್ರೆ ದುಡ್ಡು ಬಾವಿಗೆ ಹಾಕ್ದಂಗೆ ಆಗ್ಬಾರ್ದು ಅಂತಾಳೆ, ಆರು ವರ್ಷದ ಮಗಳಿದಾಳೆ. ಶನಿವಾರ ನೋಡಕ್ಕೆ ಹೋಗ್ತಿದೀನಿ. 50 ವರ್ಷ ಹಳೇ ಇಂಜಿನ್ ಅನ್ನೋದೇ ನನಗೆ ದೊಡ್ಡ ಭಯ.

ಉತ್ತರ:

ನಮಸ್ಕಾರ ತಮ್ಮ. ಇಂಜಿನ್ ಭಯ ಮೊದ್ಲು ಬಿಟ್ಬಿಡಿ. ನಿಮ್ಮಪ್ಪನ ಅಂಬಾಸಿಡರ್ ಪೆಟ್ರೋಲ್ ಗಾಡಿ ಆಗಿದ್ರೆ ಅದ್ರಲ್ಲಿದ್ದ 1489 ಸಿಸಿ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಮನೆತನ, ಎರಡೂ ಬಿಎಂಸಿ ಅನ್ನೋ ಹಳೇ ಬ್ರಿಟಿಷ್ ಕಂಪನಿಯವರ ಬಿ ಸೀರೀಸ್. ನಾನು ಕೆಲಸ ಕಲಿತಿದ್ದೇ ತುಮಕೂರಲ್ಲಿ ಅಂಬಾಸಿಡರ್ ಇಂಜಿನ್ ಬಿಚ್ಚಿ ಜೋಡಿಸ್ತಾ, ಇಲ್ಲಿ ಬಂದು ಮೊದಲನೇ ದಿನ ಎಂಜಿಬಿ ಬಾನೆಟ್ ಎತ್ತಿದಾಗ ಊರಿನ ಗ್ಯಾರೇಜ್ ಕಣ್ಮುಂದೆ ಬಂದ್ಬಿಡ್ತು. ಎರಡು ಎಸ್‌ಯು ಕಾರ್ಬ್ಯುರೇಟರ್ ಇರತ್ತೆ, ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು) 15 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ 15 ಭಾಗ, ಎಲ್ಲಾ ನೀವೇ ಮನೇಲಿ ಮಾಡ್ಕೋಬಹುದು. 1962ರಿಂದ 1980ರವರೆಗೆ ಐದು ಲಕ್ಷಕ್ಕಿಂತ ಜಾಸ್ತಿ ಗಾಡಿ ಅಬಿಂಗ್ಡನ್‌ನಲ್ಲಿ ಮಾಡಿದಾರೆ, ಪಾರ್ಟ್ಸಿಗೆ ಯಾವ ಬರವೂ ಇಲ್ಲ, 1988ರಿಂದ ಪೂರ್ತಿ ಬಾಡಿಶೆಲ್ಲೇ ಹೊಸದಾಗಿ ಸಿಗ್ತಿದೆ.

ಭಯ ಪಡಬೇಕಾಗಿರೋದು ಗಾಡಿಯ ಬಾಡಿ ವಿಷ್ಯಕ್ಕೆ. ಇದಕ್ಕೆ ಬೇರೆ ಛಾಸಿ ಅಂತ ಇಲ್ಲ, ರೋಡ್‌ಸ್ಟರಿಗೆ ಮೇಲೆ ರೂಫೂ ಇಲ್ಲ, ಹಾಗಾಗಿ ಗಾಡಿ ಮಧ್ಯದಲ್ಲಿ ಬಗ್ಗದೆ ನಿಂತಿರೋದೇ ಬಾಗಿಲ ಕೆಳಗಿನ ಆ ಸಿಲ್ ಮೇಲೆ. ಅದು ಒಂದು ತಗಡಲ್ಲ, ಹೊರಗಡೆದು ಒಂದು, ಒಳಗಡೆದು ಒಂದು, ನಡುವೆ ಇನ್ನೊಂದು, ಕೆಳಗೆ ಕ್ಯಾಸಲ್ ರೈಲ್ ಅಂತ ಒಂದು ಪಟ್ಟಿ, ಎಲ್ಲಾ ಸೇರಿ ಡಬ್ಬದ ಥರ ಆಗಿರತ್ತೆ. ಒಳಗೆ ನೀರು ನಿಂತು ಒಳಗಿಂದ ತುಕ್ಕು ತಿಂದ್ಕೊಂಡು ಬರತ್ತೆ, ಹೊರಗೆ ಕಾಣೋ ಹೊತ್ತಿಗೆ ಒಳಗೆ ಏನೂ ಉಳಿದಿರಲ್ಲ. ಆಗ ಕೆಲವರು ಹೊರಗಿನ ತಗಡಿನ ಮೇಲೆ ಇನ್ನೊಂದು ತಗಡು ವೆಲ್ಡ್ ಮಾಡಿ, ಪುಟ್ಟಿ ಹಾಕಿ ಪೇಂಟ್ ಹೊಡೆದು, ಸಿಲ್ ಹೊಸದು ಅಂತಾರೆ. ಸರಿಯಾಗಿ ಮಾಡ್ಬೇಕು ಅಂದ್ರೆ ಬಾಗಿಲು ಇರೋ ಜಾಗಕ್ಕೆ ಅಡ್ಡ ಕಂಬಿ ಕೊಟ್ಟು, ಮುಂದಿನ ವಿಂಗ್ (ಮಡ್ ಗಾರ್ಡ್) ಬಿಚ್ಚಿ, ಡಬ್ಬ ಪೂರ್ತಿ ಕಟ್ ಮಾಡಿ ಕಟ್ಬೇಕು. ತಗಡಿಗೆ ಅಷ್ಟು ದುಡ್ಡಾಗಲ್ಲ, ಟಿಂಕರಿಂಗ್ ಕೂಲಿ ಸಾವಿರಗಟ್ಟಲೆ ಪೌಂಡ್ ಆಗತ್ತೆ. ಅಂಥ ಕೆಲಸ ಮಾಡ್ಸಿದವರು ಫೋಟೋ ತೆಗೆದಿಟ್ಟಿರ್ತಾರೆ, ಬಿಲ್ಲಂತೂ ಎಸೆಯೋದೇ ಇಲ್ಲ. ಹೊಸಾ ಪೇಂಟು, ಬಿಲ್ ಇಲ್ಲ, ಇವೆರಡು ಒಟ್ಟಿಗೆ ಇದ್ರೆ ನನಗೆ ಮನಸ್ಸು ಒಪ್ಪಲ್ಲ.

ಶನಿವಾರ ಹೋಗೋವಾಗ ಫ್ರಿಡ್ಜ್ ಮೇಲಿರೋ ಮ್ಯಾಗ್ನೆಟ್ ಒಂದನ್ನ ಮೆತ್ತಗಿನ ಬಟ್ಟೆಲಿ ಸುತ್ಕೊಂಡು ಹೋಗಿ. ಮುಂದಿನ ಚಕ್ರದ ಹಿಂದೆ ವಿಂಗಿನ ಕೆಳಭಾಗ, ಹಿಂದಿನ ಚಕ್ರದ ಮುಂದೆ, ಸಿಲ್ ಉದ್ದಕ್ಕೂ ಇಟ್ಟು ನೋಡಿ, ಎಲ್ಲಿ ಹಿಡಿಯಲ್ವೋ ಅಲ್ಲಿ ಪುಟ್ಟಿ. ವಿಂಗು ಸಿಲ್ಲು ಸೇರೋ ಜಾಗದಲ್ಲಿ ಜಾಯಿಂಟ್ ಗೆರೆ ಕಾಣ್ಬೇಕು, ಒಂದೇ ಸಮ ನುಣ್ಣಗಿದ್ರೆ ಮೇಲೆ ತಗಡು ಮುಚ್ಚಿರ್ತಾರೆ. ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ ಇದ್ಯಾ ನೋಡಿ, ಮೇಲ್ಗಡೆ ಕಿರಿದಾಗಿದ್ರೆ ಗಾಡಿ ಮಧ್ಯದಲ್ಲಿ ಕುಸಿದಿದೆ ಅಂತ ಅರ್ಥ. ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ. ಮಾಲೀಕರನ್ನ ಕೇಳಿ ಹಿಂದಿನ ಸ್ಪ್ರಿಂಗಿನ ಮುಂದ್ಗಡೆ ಹ್ಯಾಂಗರ್ (ಸ್ಪ್ರಿಂಗ್ ಗಾಡಿಗೆ ಸೇರೋ ಜಾಗ) ಹತ್ರ ಜಾಕ್ ಕೊಟ್ಟು ಎತ್ತಿ, ಎತ್ತಿದಾಗ ಬಾಗಿಲಿನ ಸಂದು ಬದಲಾದ್ರೆ ಅಥವಾ ಬಾಗಿಲು ಹಾಕಕ್ಕೆ ಬರ್ಲಿಲ್ಲ ಅಂದ್ರೆ ಅಲ್ಲಿಂದ ಹೊರಟ್ಬಿಡಿ. ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ಮಾತ್ರ ದಯವಿಟ್ಟು ತಲೆ ಹಾಕ್ಬೇಡಿ.

ನೀವು ಹೋಗೋವರೆಗೂ ಇಂಜಿನ್ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಹೇಳಿಡಿ, ತಣ್ಣಗಿರುವಾಗಲೇ ಅದ್ರ ಬಣ್ಣ ಗೊತ್ತಾಗೋದು. ಬಿಸಿ ಆದ್ಮೇಲೆ ಓಡಿಸ್ವಾಗ ಆಯಿಲ್ ಪ್ರೆಶರ್ 50 ಪಿಎಸ್ಐಗಿಂತ ಮೇಲಿರ್ಬೇಕು. ಓವರ್‌ಡ್ರೈವ್ 73ರ ಗಾಡೀಲಿ ಮೂರು ನಾಲ್ಕು ಎರಡೂ ಗೇರಲ್ಲಿ ಕೆಲಸ ಮಾಡ್ಬೇಕು, ನಾಲ್ಕರಲ್ಲಿ 3,500 ಆರ್‌ಪಿಎಂ ಇದ್ರೆ ಸ್ವಿಚ್ ಹಾಕಿದ ತಕ್ಷಣ 2,900 ಹತ್ರ ಇಳಿಯತ್ತೆ. ನಿಧಾನಕ್ಕೆ ಮುಂದೆ ಹಿಂದೆ ಮಾಡಿ, ಚಕ್ರದಿಂದ ಟಕ್ ಅಂತ ಸದ್ದು ಬಂದ್ರೆ ವೈರ್ ವೀಲಿನ ಸ್ಪ್ಲೈನ್ (ಚಕ್ರ ಹಬ್ಬಿಗೆ ಕೂರೋ ಹಲ್ಲು) ಸವೆದಿದೆ. ಕಿಂಗ್‌ಪಿನ್ನಿಗೆ (ಮುಂದಿನ ಚಕ್ರ ತಿರುಗೋ ಪಿನ್ನು) ಗ್ರೀಸ್ ಹೊಡೀತಿದ್ರಾ ಕೇಳಿ, 3,000 ಮೈಲಿಗೊಂದು ಸಲ ಬೇಕೇ ಬೇಕು. ಸೀಸ ಇಲ್ಲದ ಪೆಟ್ರೋಲಿಗೆ ಹೊಂದೋ ಹಾಗೆ ಇಂಜಿನ್ ಹೆಡ್ ಮಾಡ್ಸಿದಾರಾ ಅದೂ ಕೇಳಿ.

ಎಂಓಟಿ ವಿಷ್ಯ ಅವರು ಹೇಳಿದ್ದು ನಿಜ. 2018ರ ಮೇ ತಿಂಗಳಿಂದ, 40 ವರ್ಷ ದಾಟಿ ದೊಡ್ಡ ಬದಲಾವಣೆ ಮಾಡದೇ ಇರೋ ಗಾಡಿಗಳಿಗೆ ವಿನಾಯ್ತಿ ಇದೆ, ರೋಡ್ ಟ್ಯಾಕ್ಸೂ ಇಲ್ಲ. ಆದ್ರೆ ಬೇಕು ಅಂದ್ರೆ ಮಾಡಿಸ್ಬಹುದು, ಗರಿಷ್ಠ 54.85 ಪೌಂಡ್ ಅಷ್ಟೇ. ನಿಮ್ಮ ಖರ್ಚಲ್ಲೇ ಒಂದು ಮಾಡ್ಸೋಣ ಅನ್ನಿ, ಅವರ ಮುಖ ನೋಡಿದ್ರೇ ಗೊತ್ತಾಗತ್ತೆ. ಹಳೇ ಟೆಸ್ಟ್ ದಾಖಲೆ ಸರ್ಕಾರದ ಸೈಟಲ್ಲಿ ನಂಬರ್ ಹಾಕಿದ್ರೆ ಸಿಗತ್ತೆ, ಇವತ್ತು ರಾತ್ರಿನೇ ನೋಡಿ.

ಇನ್ನೊಬ್ಬ ಸದಸ್ಯರು:

ಅಷ್ಟೆಲ್ಲಾ ತಲೆನೋವು ಯಾಕ್ ಬ್ರದರ್, ಅದೇ ದುಡ್ಡಿಗೆ ಒಳ್ಳೇ ಮಾಜ್ದಾ ಎಂಎಕ್ಸ್-5 ಬರತ್ತೆ, ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗತ್ತೆ.

ಉತ್ತರ:

ಓಡಿಸೋ ಸುಖ ಒಂದೇ ಬೇಕು ಅಂದ್ರೆ ನಾನೂ ಅದನ್ನೇ ಹೇಳ್ತೀನಿ ಸರ್, ಆದ್ರೆ ಅದಕ್ಕೂ ಸಿಲ್ಲಿನ ಹಿಂಭಾಗ ತುಕ್ಕು ಹಿಡಿಯತ್ತೆ, ನೋಡೇ ತಗೋಬೇಕು. ಇವರಿಗೆ ಬೇಕಾಗಿರೋದು ಅಪ್ಪನ ಜೊತೆ ನಿಂತಿದ್ದ ಆ ಭಾನುವಾರ, ಅದು ಬಿ ಸೀರೀಸ್ ಇಂಜಿನ್ನಲ್ಲೇ ಸಿಗೋದು.

ಪ್ರಶ್ನೆ ಕೇಳಿದವರು (ಶನಿವಾರ ಸಂಜೆ):

ಅಣ್ಣ ಹೋಗಿ ಬಂದೆ. ದಾಖಲೆ ನೋಡ್ದೆ, 2014ರಲ್ಲೂ 2016ರಲ್ಲೂ ಎಡಗಡೆ ಸಿಲ್ ತುಕ್ಕು ಅಂತ ಬರೆದಿದಾರೆ, ಆಮೇಲೆ ಟೆಸ್ಟೇ ಆಗಿಲ್ಲ. ಗಾಡಿ ನೋಡಕ್ಕೆ ಎಷ್ಟು ಚೆನ್ನಾಗಿದೆ ಅಂದ್ರೆ ಐದು ನಿಮಿಷ ಸುಮ್ನೆ ನಿಂತ್ಕೊಂಡ್ಬಿಟ್ಟೆ. ನಾನು ಹೋಗೋ ಹೊತ್ತಿಗೇ ಬಾನೆಟ್ ಬಿಸಿ ಇತ್ತು. ಎಡಗಡೆ ಮುಂದಿನ ಚಕ್ರದ ಹಿಂದೆ ಒಂದು ಗೇಣಿನಷ್ಟು ಜಾಗದಲ್ಲಿ ಮ್ಯಾಗ್ನೆಟ್ ಜಾರಿ ನೆಲಕ್ಕೆ ಬಿತ್ತು, ಬಲಗಡೆ ಗಟ್ಟಿಯಾಗಿ ಹಿಡ್ಕೊಳ್ತು. ಎಡ ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು. ಜಾಕ್ ಹಾಕ್ಲಾ ಅಂದ್ರೆ ಪೇಂಟ್ ಹಾಳಾಗತ್ತೆ ಬೇಡ ಅಂದ್ರು. ಬರುವಾಗ 7,000ಕ್ಕೆ ಕೊಡ್ತೀನಿ ಅಂದಿದಾರೆ. ಇಂಜಿನ್ ಮಾತ್ರ ಬಹಳ ಚೆನ್ನಾಗಿತ್ತು ಅಣ್ಣ, ಪ್ರೆಶರ್ 60 ಇತ್ತು. 7,000ಕ್ಕೆ ತಗೊಂಡು ಒಂದು ಸೈಡ್ ಮಾಡಿಸ್ಕೊಂಡ್ರೆ ಆಗಲ್ವಾ?

ಉತ್ತರ:

ಬೇಡ ತಮ್ಮ. ಎತ್ತಿ ಹಾಕ್ಬೇಕಾಗಿರೋದು ಬಾಗಿಲಿನ ಹಿಂಜ್ ಸವೆದಿದ್ದಕ್ಕೂ ಇರ್ಬಹುದು, ಆದ್ರೆ ಎರಡು ಸಲ ತುಕ್ಕು ಅಂತ ಬರೆದಿರೋ ಅದೇ ಕಡೆ ಮ್ಯಾಗ್ನೆಟ್ ಬಿದ್ದಿದೆ, ಅದೇ ಕಡೆ ಬಾಗಿಲು ಕೂತಿಲ್ಲ. ಕುಸಿದ ಮೇಲೆ ವೆಲ್ಡ್ ಮಾಡಿರೋ ಬಾಡಿ ಆಗಿದ್ರೆ ಕಟ್ ಮಾಡಿ ಮೊದ್ಲು ನೇರ ಮಾಡ್ಬೇಕು, ಆಮೇಲೆ ಆ ಹೊಸ ಪೇಂಟೂ ಹೋಯ್ತು. ಬೆಲೆ ಇಳಿಸಿದ್ದು ನಿಮಗೆ ಲಾಭ ಅಲ್ಲ.

ನಿಮಗೆ ಮಗಳಿರೋದ್ರಿಂದ ಒಂದು ಮಾತು. ಎಂಜಿಬಿ ಜಿಟಿ ನೋಡಿ, 1965ರಿಂದ ಬಂದಿರೋದು, ಇಂಜಿನ್ ಅದೇ, ಮೇಲೆ ತಗಡಿನ ರೂಫ್ ಇರೋದ್ರಿಂದ ಬಾಡಿ ಗಟ್ಟಿ, ಮಳೇಲೂ ಓಡಿಸ್ಬಹುದು, ರೋಡ್‌ಸ್ಟರಿಗಿಂತ ಕಮ್ಮಿ ಬೆಲೆಗೂ ಸಿಗತ್ತೆ. ಹಿಂದೆ ಸಣ್ಣ ಸೀಟಿದೆ, ಆದ್ರೆ ಮಗೂನ ಕೂರಿಸೋ ಮುಂಚೆ ಬೆಲ್ಟ್ ಸರಿಯಾಗಿ ಹಾಕಿಸ್ಬೇಕು. ಬಣ್ಣ ಮಾಸಿರ್ಲಿ ಪರ್ವಾಗಿಲ್ಲ, ಫೋಟೋ ಬಿಲ್ ಇಟ್ಟಿರೋ ಗಾಡಿ ಹುಡುಕಿ. ಸಿಕ್ಕಿದ್ರೆ ನಂಬರ್ ನನಗೆ ಮೆಸೇಜ್ ಮಾಡಿ, ದಾಖಲೆ ನೋಡಿ ಹೇಳ್ತೀನಿ, ಎರಡು ಗಂಟೆ ದಾರಿ ಒಳಗಿದ್ರೆ ಭಾನುವಾರ ನಾನೇ ಬರ್ತೀನಿ, ಜಾಕೂ ಸ್ಟ್ಯಾಂಡೂ ನನ್ನ ಗಾಡೀಲೇ ಇರತ್ತೆ.