ಜಗಳ, ಕಳ್ಳತನ, ಶಾಲೆಗೆ ಚಕ್ಕರ್: ಹಿಂದೆ ಖಿನ್ನತೆ ಇರಬಹುದೇ?

ಹೈಸ್ಕೂಲ್ ಮೇಷ್ಟ್ರು:
ಒಂಬತ್ತನೇ ತರಗತಿಯ ಹುಡುಗ. ದಸರಾ ರಜೆ ಮುಗಿದಾಗಿನಿಂದ ವಾರಕ್ಕೆರಡು ದಿನ ಚಕ್ಕರ್, ಮಾತೆತ್ತಿದರೆ ಹೊಡೆದಾಟ, ಮೊನ್ನೆ ಸಹಪಾಠಿಯ ಬ್ಯಾಗಿನಿಂದ ದುಡ್ಡು ಕದ್ದ. ಅಳುವುದಿಲ್ಲ, ಮಂಕೂ ಇಲ್ಲ, ಬರೀ ಸಿಡುಕು. ಟಿಸಿ ಕೊಟ್ಟು ಕಳಿಸಿ ಅನ್ನುತ್ತಿದ್ದಾರೆ. ಇದು ಪುಂಡಾಟವೋ ಖಿನ್ನತೆಯೋ, ತಿಳಿಯುವುದು ಹೇಗೆ?

ಮಕ್ಕಳ ಮನೋವೈದ್ಯೆ:
ಮೇಷ್ಟ್ರೇ, ಆ ಸಿಡುಕನ್ನೇ ಗಮನಿಸಿ. ಹದಿಹರೆಯದಲ್ಲಿ ಬೇಸರದ ಬದಲು ಸಿಡುಕೇ ಖಿನ್ನತೆಯ ಮುಖ್ಯ ಲಕ್ಷಣವಾಗಬಹುದು. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಇದನ್ನು ಒಪ್ಪುತ್ತದೆ. ಖಿನ್ನತೆ ಎನ್ನಲು ಅದರಲ್ಲಿರುವ 9 ಲಕ್ಷಣಗಳಲ್ಲಿ 5 ಕನಿಷ್ಠ 2 ವಾರ ಬಿಡದೆ ಇರಬೇಕು.

ಮನೆಯವರನ್ನು ಕೂರಿಸಿಕೊಂಡು ತಿಂಗಳುವಾರು ಬರೆಯಿರಿ: ನಿದ್ದೆ ಕೆಟ್ಟಿದ್ದು ಯಾವಾಗ, ಆಟ ಬಿಟ್ಟಿದ್ದು, ಅಂಕ ಇಳಿದದ್ದು, ಮೊದಲ ಜಗಳ ಯಾವಾಗ. ನಿದ್ದೆ, ಆಸಕ್ತಿ ಮೊದಲು ಹೋಗಿ ಆಮೇಲೆ ಜಗಳ ಶುರುವಾಗಿದ್ದರೆ ಖಿನ್ನತೆಯ ಗುಮಾನಿ ಬಲವಾಗುತ್ತದೆ. ಎಂಟು ವರ್ಷ ವಯಸ್ಸಿನಿಂದಲೇ ಸುಳ್ಳು, ಹೊಡೆದಾಟ ಇದ್ದರೆ ನಡವಳಿಕೆಯ ತೊಂದರೆಯೇ ಮೊದಲು. ಹಾಗೆಂದು ಖಿನ್ನತೆ ಇಲ್ಲವೆನ್ನಬೇಡಿ. ಗೆಳೆಯರು ದೂರವಾಗಿ, ಪಾಠ ಹಿಂದೆ ಬಿದ್ದು, ಬೈಸಿಕೊಂಡೂ ಬೈಸಿಕೊಂಡೂ ಅಂಥ ಹುಡುಗನೂ ಖಿನ್ನತೆಗೆ ಜಾರಬಹುದು. ಅಮೆರಿಕದ ಓರೆಗಾನ್‌ನಲ್ಲಿ ಹುಡುಗರನ್ನು ವರ್ಷಗಟ್ಟಲೆ ಗಮನಿಸಿದ ಜೆರಾಲ್ಡ್ ಪ್ಯಾಟರ್ಸನ್ ತಂಡ ವಿವರಿಸಿದ್ದೂ ಇದನ್ನೇ. ಮನೆಯ ಹೊಡೆತ, ಗಾಂಜಾ ಪುಂಡಾಟ, ಖಿನ್ನತೆ ಎರಡಕ್ಕೂ ದಾರಿಯಾಗುತ್ತವೆ. ಇವುಗಳ ಬಗ್ಗೆ ಹುಡುಗನೊಬ್ಬನೇ ಇದ್ದಾಗ ಕೇಳಿ.

ಆಪ್ತ ಸಮಾಲೋಚಕ:
ಪಿಎಚ್‌ಕ್ಯೂ-9ರ (ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ) ಹದಿಹರೆಯದ ಆವೃತ್ತಿ ತುಂಬಿಸಿ. ಅಪ್ಪ ಅಮ್ಮ ಪಕ್ಕದಲ್ಲಿ ಕೂತರೆ ಮಕ್ಕಳು ಎಲ್ಲದಕ್ಕೂ ಸೊನ್ನೆ ಹಾಕುತ್ತಾರೆ, ಒಬ್ಬನೇ ತುಂಬಲಿ. 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರ ಹತ್ತಿರ ಹೋಗಬೇಕು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ 1 ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ, ಅವತ್ತೇ ಮಾತಾಡಿ, ಒಂಟಿಯಾಗಿ ಬಿಡಬೇಡಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ತಪ್ಪು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹೈಸ್ಕೂಲ್ ಮೇಷ್ಟ್ರು:
ಮಾತ್ರೆ ಕೊಟ್ಟರೆ ನಾವೇನು ನೋಡಬೇಕು ಮೇಡಂ? ಕದ್ದದ್ದಕ್ಕೆ ಶಿಕ್ಷೆ?

ಮಕ್ಕಳ ಮನೋವೈದ್ಯೆ:
ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ ಸಾಮಾನ್ಯವಾಗಿ 10 ಮಿ.ಗ್ರಾಂನಿಂದ ಶುರು, ಗುಣ ಕಾಣಲು 4–6 ವಾರ. ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ದೆಗೇಡು, ಸಾಯುವ ಮಾತು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಚೇತರಿಸಿಕೊಂಡ ಎಂದು ಮನೆಯವರೇ ಮಾತ್ರೆ ನಿಲ್ಲಿಸುವುದು ಬಹಳ. ಅಮೆರಿಕದಲ್ಲಿ 12–17 ವಯಸ್ಸಿನ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಯ ಜೊತೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಪಡೆದವರಲ್ಲೇ ಹೆಚ್ಚು ಮಂದಿ ಸುಧಾರಿಸಿದ್ದರು.

ದುಡ್ಡು ಅವನ ಕೈಯಿಂದಲೇ ವಾಪಸ್ ಕೊಡಿಸಿ, ಅದು ಬೇಕು. ತರಗತಿಯೆದುರು ನಿಲ್ಲಿಸಬೇಡಿ. ಟಿಸಿಯಂತೂ ಬೇಡವೇ ಬೇಡ, ದಿನವೂ ಅವನನ್ನು ಗಮನಿಸುವ ದೊಡ್ಡವರು ಸದ್ಯಕ್ಕೆ ನೀವೊಬ್ಬರೇ ಇರಬಹುದು.