ಪುಟ್ಟಿ, ನಾಳೆಯಿಂದಲೇ ಬಿಡಿಸ್ಬೇಡ

ಹಲೋ ಪುಟ್ಟಿ, ನಾನು ದೊಡ್ಡಮ್ಮ. ಟೈಪ್ ಮಾಡಕ್ಕೆ ಕೂತ್ರೆ ಬೆಳಗಾಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಯ್ತು ಅನ್ನೋರು ಕೇಳ್ಬೇಡಿ, ಬಲವಂತ ಇಲ್ಲ. ನೀನು ರಾತ್ರಿ ನಮ್ಮನೆ ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ. ನಿನ್ನ ಯಜಮಾನ್ರಿಗೆ ಆಫೀಸ್ ಟೆನ್ಷನ್ನು, ಎದೆ ಡವಡವ, ನಿದ್ದೆ ಇಲ್ಲ, ದಿನಾ ಸಂಜೆ ಬಾಟಲಿ. ಆನ್‌ಲೈನಲ್ಲಿ ಸಿಬಿಟಿ, ಅಂದ್ರೆ ಯೋಚನೆ, ನಡವಳಿಕೆ ತಿದ್ಕೊಳ್ಳೋದು ಕಲಿಸೋ ಮಾತಿನ ಚಿಕಿತ್ಸೆ, ಅದರ ಕೋರ್ಸ್ ಸಿಕ್ಕಿದೆ, ನಾಳೆಯಿಂದ ಕುಡಿಯೋದು ಪೂರ್ತಿ ಬಿಟ್ಟು ಅದನ್ನ ಶುರು ಮಾಡ್ತಾರಂತೆ, ಅಷ್ಟೇ ಸಾಕಾಗುತ್ತಾ ಅಂತ ಕೇಳಿದೀಯ.

ನಾಳೆಯಿಂದ ಪೂರ್ತಿ ಬಿಡೋದು ಅಂದ್ಯಲ್ಲ, ಅದನ್ನ ಮೊದಲು ತಡಿ. ಡಾಕ್ಟ್ರನ್ನ ಕೇಳದೆ ಏಕ್‌ದಂ ನಿಲ್ಸಕ್ಕೆ ಬಿಡ್ಬೇಡ.

ನಿಮ್ಮ ದೊಡ್ಡಪ್ಪಂದು ನಿಮಗೆಲ್ಲ ಗೊತ್ತಿರೋದೇ. ಆ ವಾರ ಏನಾಯ್ತು ಅಂತ ಮಾತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವರೂ ಹೀಗೇ ಫೋನಲ್ಲಿ ಒಂದು ಕೋರ್ಸ್ ಹಾಕ್ಕೊಂಡಿದ್ರು. ಅದರಲ್ಲಿ ಮನುಷ್ಯರು ಅನ್ನೋರೇ ಇಲ್ಲ, ಬರೀ ಪಾಠ, ಪ್ರಶ್ನೆ, ಟಿಕ್ಕು. ದಿನಕ್ಕೆ ಎಷ್ಟು ಕುಡೀತೀರಿ, ಎಷ್ಟು ವರ್ಷದಿಂದ ಅಂತ ಒಂದು ಮಾತು ಕೇಳ್ಲಿಲ್ಲ. ಇವರು ‘ಇವತ್ತಿಂದ ಒಂದು ಹನಿ ಮುಟ್ಟಲ್ಲ’ ಅಂತ ಬರೆದ್ರು, ಅದು ಬಣ್ಣದ ಚೂರು ಉದುರಿಸಿ ಶಭಾಷ್ ಅಂತು. ಮರುದಿನ ಬೆಳಿಗ್ಗೆ ಲೋಟ ಹಿಡಿದ ಕೈ ನಡುಗಿ ನೀರೆಲ್ಲ ಅಂಗಿ ಮೇಲೆ. ಮೈಯೆಲ್ಲ ಬೆವರು. ಟೆನ್ಷನ್ನೇ ಇರ್ಬೇಕು ಅಂತ ಅವರೇ ಉಸಿರಾಟದ ಪಾಠ ಹಾಕ್ಕೊಂಡು ಕೂತ್ರು. ಸಂಜೆ ಹೊತ್ತಿಗೆ ಹೊದಿಕೆ ಮೇಲೆ ಇಲ್ಲದ ಇರುವೆ ಕೊಡವ್ತಿದಾರೆ, ನೋಡ್ತಾ ನೋಡ್ತಾ ಫಿಟ್ಸ್ ಬಂತು. ಪಕ್ಕದಲ್ಲೇ ಬಿದ್ದಿದ್ದ ಫೋನು ‘ಇಂದಿನ ಅಭ್ಯಾಸ ಬಾಕಿ ಇದೆ’ ಅಂತ ಟಿಂಗ್ ಅಂತು!

ವರ್ಷಗಟ್ಟಲೆ ದಿನಾ ಕುಡಿದೋರ ಮೆದುಳು ಅದಕ್ಕೇ ಒಗ್ಗಿಹೋಗಿರುತ್ತಂತೆ, ಥಟ್ಟನೆ ನಿಲ್ಸಿದ್ರೆ ಕೆರಳುತ್ತಂತೆ. ಕೊನೇ ಗುಟುಕಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, 2ರಿಂದ 4 ದಿನದಲ್ಲಿ ಜ್ವರ, ದಿಕ್ಕುತಪ್ಪಿದ ಭ್ರಮೆ, ಜೀವಕ್ಕೇ ಅಪಾಯ ಅಂದ್ರು ಡಾಕ್ಟ್ರು. ತುಂಬಾ ಜನಕ್ಕೆ ನಡುಕ, ಬೆವರಲ್ಲೇ ಮುಗಿಯುತ್ತೆ. ಆದ್ರೆ ಯಾರಿಗೆ ಎಷ್ಟಕ್ಕೆ ಮುಗಿಯುತ್ತೆ ಅಂತ ನಾವು ಮನೇಲಿ ಕೂತು ಹೇಳಕ್ಕಾಗಲ್ಲ. ಅದಕ್ಕೇ ಮತ್ತೆ ಹೇಳ್ತಿದೀನಿ ಪುಟ್ಟಿ, ಏಕ್‌ದಂ ನಿಲ್ಸಕ್ಕೆ ಬಿಡ್ಬೇಡ. ನಿದ್ದೆಮಾತ್ರೆ ಬಹಳ ದಿನದಿಂದ ತಗೊಳ್ತಿದ್ರೆ ಅದನ್ನೂ ಅಷ್ಟೇ, ಕಿತ್ತು ಬಿಸಾಕೋ ಹಾಗಿಲ್ಲ.

ಆಗ ನಾನು ಇದೇ ಗ್ರೂಪಲ್ಲಿ ‘ಆಸ್ಪತ್ರೆಲಿದೀವಿ’ ಅಂತ ಹಾಕಿದ್ದೆ. ಎಲ್ಲರದ್ದೂ ನೀಲಿ ಟಿಕ್ಕು, ಒಬ್ಬರದ್ದೂ ಉತ್ತರ ಇಲ್ಲ. ಮರುದಿನ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಮಾತ್ರ ತಪ್ಪದೆ ಬಂತು. ನೋಡಕ್ಕೆ ಬಂದ ಮಹಾನುಭಾವರೊಬ್ಬರು, ಹೆಸರು ಬೇಡ, ಈಗ್ಲೂ ಕೇಳಿಸ್ಕೊಳ್ತಿರ್ತಾರೆ, ‘ಮನಸ್ಸು ಗಟ್ಟಿ ಇದ್ರೆ ಇದೆಲ್ಲ ಯಾಕೆ’ ಅಂತ ಮಂಚದ ಪಕ್ಕ ನಿಂತು ಭಾಷಣ ಬಿಗಿದ್ರು. ಮನಸ್ಸು ಗಟ್ಟಿ ಮಾಡ್ಕೊಂಡಿದ್ದಕ್ಕೇ ಅಲ್ವಾ ಅವರು ಅಲ್ಲಿ ಮಲಗಿದ್ದು! ಇನ್ನು ಊರವರ ಮುಂದೆ ಬರೀ ಜ್ವರ ಅಂತ ಹೇಳು ಅಂದೋರೂ ಇದೇ ಗ್ರೂಪಲ್ಲಿದಾರೆ. ಇರ್ಲಿ ಬಿಡಿ, ನನಗೇನು.

ಎಲ್ಲಿದ್ದೆ... ಹಾಂ, ಕೋರ್ಸು. ಕೋರ್ಸ್ ಬೇಡ ಅಂತ ನಾನೆಲ್ಲಿ ಅಂದೆ? ಮಾಡ್ಲಿ. ಸಿಬಿಟಿ ಏನು ಮೊನ್ನೆ ಹುಟ್ಟಿದ್ದಲ್ಲ, ಆರನ್ ಬೆಕ್ ಅನ್ನೋ ಮನೋವೈದ್ಯರು 1960ರ ದಶಕದಲ್ಲೇ ಶುರು ಮಾಡಿದ್ದು. ದೊಡ್ಡಪ್ಪನೂ ಆಸ್ಪತ್ರೆಯಿಂದ ಬಂದ್ಮೇಲೆ ಆನ್‌ಲೈನಲ್ಲೇ ಮಾಡಿದ್ರು, ಆದ್ರೆ ಆ ಕಡೆ ವಿಡಿಯೋದಲ್ಲಿ ಒಬ್ಬ ಥೆರಪಿಸ್ಟ್ ಇದ್ರು. ವಾರವಾರ ಮಾತು, ಮಧ್ಯೆ ಹೋಮ್‌ವರ್ಕು. ಹಾಳೆ ಮಧ್ಯೆ ಗೆರೆ ಎಳೆದು, ಒಂದು ಕಡೆ ‘ಕುಡಿಯದೆ ನಂಗೆ ನಿದ್ದೆ ಬರಲ್ಲ’, ಇನ್ನೊಂದು ಕಡೆ ಅದು ನಿಜಾನಾ ಅನ್ನೋದಕ್ಕೆ ಲೆಕ್ಕ: ಕುಡಿದ ರಾತ್ರಿ ಮಧ್ಯರಾತ್ರಿ ಎಚ್ಚರ, ಆಸ್ಪತ್ರೇಲಿ ಕುಡಿಯದೆಯೂ ಬೆಳಗಿನವರೆಗೆ ನಿದ್ದೆ. ತಮ್ಮ ಕೈಯಲ್ಲೇ ಬರೆದದ್ದನ್ನ ಎಷ್ಟೋ ಹೊತ್ತು ನೋಡ್ತಾ ಕೂತಿದ್ರು. ಕುಡೀಬೇಕು ಅನ್ನೋ ಸೆಳೆತ ಬಂದಾಗ ಅದು ಏರಿ ತಾನೇ ಇಳಿಯೋವರೆಗೆ ಸುಮ್ನೆ ಗಮನಿಸೋದನ್ನೂ ಆ ಥೆರಪಿಸ್ಟೇ ಕಲಿಸಿದ್ದು.

ಹಾಗಾಗಿ ಮೊದಲು ಡಾಕ್ಟ್ರ ಹತ್ರ ಹೋಗಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಹಿಂದೆ ಫಿಟ್ಸ್ ಬಂದಿದೆಯಾ, ಎಲ್ಲ ಮುಚ್ಚಿಡದೆ ಹೇಳಿ. ಮನೇಲೇ ಮಾತ್ರೆ ಕೊಟ್ಟು ನಿಲ್ಸೋದಾ, ಅಡ್ಮಿಟ್ ಮಾಡೋದಾ ಅಂತ ಅವರು ಹೇಳ್ಲಿ. ಆಮೇಲೆ ಕೋರ್ಸು. ಹೋಮ್‌ವರ್ಕ್ ಓದಿ ಉತ್ತರ ಕೊಡೋ ಮನುಷ್ಯರಿದಾರಾ, ಅವರ ಓದು ಏನು ಅಂತ ಕೇಳು. ತಾವೇ ಮಾಡ್ಕೊಳ್ಳೋದನ್ನ ಅರ್ಧಕ್ಕೇ ಬಿಡೋರು ಜಾಸ್ತಿ. ಸೆಷನ್ ಹೊತ್ತಲ್ಲಿ ರೂಮಿನ ಬಾಗಿಲು ಹಾಕ್ಕೊಳ್ಲಿ, ನೀನು ಹೊರಗೆ ನಿಂತು ಕೇಳಿಸ್ಕೋಬೇಡ. ಸಾಯ್ಬೇಕು ಅನ್ನೋ ಥರ ಏನಾದ್ರೂ ಬಾಯಲ್ಲಿ ಬಂದ್ರೆ ಮುಂದಿನ ಸೆಷನ್ ಅಂತ ಕಾಯ್ಬೇಡ, ಆಗಿಂದಾಗ್ಲೇ ಆಸ್ಪತ್ರೆ.

ಡಾಕ್ಟ್ರು ಏನಂದ್ರು ಅಂತ ನನಗೊಬ್ಬಳಿಗೇ ಹಾಕು, ಗ್ರೂಪಲ್ಲಿ ಬೇಡ. ಇಡ್ತೀನಿ.