ತಂಗಿಯನ್ನು ಜಿಎನ್‌ಎಂ ನರ್ಸಿಂಗ್‌ಗೆ ಸೇರಿಸಲಾ, ಆರು ತಿಂಗಳ ಪೇಷೆಂಟ್ ಕೇರ್ ಕೋರ್ಸಾ? ಅನುಭವ ಇದ್ದವರು ಹೇಳಿ

ಕಡೂರಿನವನು: ತಂಗಿ ಪಿಯುಸಿ ಆರ್ಟ್ಸ್, 54%. ನರ್ಸಿಂಗ್ ಮಾಡಬೇಕು ಅಂತ ಹಟ. ವರ್ಷಕ್ಕೆ 50 ಸಾವಿರ ಹೊಂದಿಸಬಹುದು. ಹಳ್ಳಿ ಆರೋಗ್ಯ ಕಾರ್ಯಕರ್ತೆ ಆಗುವ ಎಎನ್‌ಎಂ ಎರಡು ವರ್ಷ, ಸ್ಟಾಫ್ ನರ್ಸ್ ಆಗುವ ಜಿಎನ್‌ಎಂ ಡಿಪ್ಲೊಮಾ ಮೂರು, ಜಿಡಿಎ (ಅದೇ ಪೇಷೆಂಟ್ ಕೇರ್ ಕೋರ್ಸು) ಆದರೆ ಬೇಗ ಮುಗಿಯುತ್ತದೆ. ಮನೆಯಿಂದಲೇ ಬಸ್ಸಲ್ಲಿ ಓಡಾಡಿಕೊಂಡು ಓದಬಹುದಾ?

ಐಸಿಯು ಅಕ್ಕ: ಜಿಎನ್‌ಎಂ ಬಿಟ್ಟು ಬೇರೆ ಯೋಚಿಸಲೇಬೇಡಿ. ನಾನೂ ಆರ್ಟ್ಸೇ. ಫೀಸು ವರ್ಷಕ್ಕೆ 45 ಸಾವಿರ ಅಂದಿದ್ದರು, ಅದು ಬಾಯಿಮಾತು. ಯೂನಿಫಾರ್ಮ್ 4,800. ಬಿಳಿ ಶೂ ಅವರ ಹತ್ತಿರವೇ ತಗೋಬೇಕು, 1,150. ಅದೇ ಶೂ ಪೇಟೆಯಲ್ಲಿ 600. ಕ್ಲಿನಿಕಲ್ ಪೋಸ್ಟಿಂಗ್‌ಗೆ, ಅಂದರೆ ಆಸ್ಪತ್ರೆ ತರಬೇತಿಗೆ, ಕರೆದೊಯ್ಯುವ ಬಸ್ಸಿಗೆ 12,000 ಬೇರೆ. ದೀಪ ಹಿಡಿದು ನರ್ಸಿಂಗ್ ಪ್ರಮಾಣ ಮಾಡುವ ಲ್ಯಾಂಪ್ ಲೈಟಿಂಗ್ ದಿನ ಊಟಕ್ಕೆ ಅಂತ ತಲೆಗೆ 700 ವಸೂಲಿ. ದೀಪ ಹಿಡಿದು ನಿಂತವರು ನಾವು, ಹೋಳಿಗೆ ತಿಂದವರು ಮ್ಯಾನೇಜ್‌ಮೆಂಟಿನ ನೆಂಟರು. ಅಮ್ಮನ ಕಿವಿಯೋಲೆ ಅಡಮಾನಕ್ಕೆ ಹೋಯಿತು. ಮೊದಲ ಸಂಬಳ 11,000, ಅದರಲ್ಲೂ ಹಾಸ್ಟೆಲ್ ಕಟ್. ಆದರೂ ಇವತ್ತು ನರ್ಸಿಂಗ್ ಕೌನ್ಸಿಲ್ ರಿಜಿಸ್ಟರ್‌ನಲ್ಲಿ ನನ್ನ ಹೆಸರಿದೆ. ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿದರೆ ಬಿಎಸ್ಸಿ ಕೂಡ ಆಗುತ್ತದೆ. ಜಿಡಿಎ ಮಾಡಿದರೆ ಕೊನೇವರೆಗೂ ಡೈಪರ್ರೇ.

ಹೋಂಕೇರ್ ಹಾಸನ: ಡೈಪರ್ ಅಂದರೆ ಅಷ್ಟು ಅಗ್ಗಾನಾ ಮೇಡಂ? ನಾನು ಸರ್ಕಾರದ ಸ್ಕಿಲ್ ಸ್ಕೀಮಿನಲ್ಲಿ ಜಿಡಿಎ ಕಲಿತವಳು, ಫೀಸು ಇಲ್ಲ. ಸ್ಟ್ರೋಕ್ ಆದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದಡಿ ಹಾಸುವ ಅಡ್ಡ ಬಟ್ಟೆ, ಡ್ರಾ ಶೀಟ್, ಹಿಡಿದು ಎತ್ತಬೇಕು, ಎಳೆದರೆ ಚರ್ಮ ಕಿತ್ತು ಬರುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಯೂರಿನ್ ಬ್ಯಾಗ್ ಯಾವಾಗಲೂ ಮಂಚಕ್ಕಿಂತ ಕೆಳಗೇ ನೇತಾಡಬೇಕು. ಅಜ್ಜಿಗೆ ಇವತ್ತಿನವರೆಗೂ ಒಂದು ಹುಣ್ಣಿಲ್ಲ. ನನ್ನ ಹೊಟ್ಟೆಉರಿ ಬೇರೆ. ಮನೆಯವರು ಏಜೆನ್ಸಿಗೆ ಕೊಡುವುದು 26,000, ನನ್ನ ಕೈಗೆ 16,500. ಮೊದಲ ತಿಂಗಳದ್ದು ‘ಡೆಪಾಸಿಟ್’ ಅಂತ ಇಟ್ಟುಕೊಂಡಿದ್ದಾರೆ. ಮೇಲಿಂದ ಅಜ್ಜಿಯ ಸೊಸೆ, ಸುಮ್ನೆ ಕೂತಿದ್ದೀಯಲ್ಲ, ಒಂಚೂರು ಚಪಾತಿ ಲಟ್ಟಿಸು ಅನ್ನುತ್ತಾಳೆ.

ರಿಯಾದ್ ಬ್ರದರ್: ಕಾಲೇಜಿಗೆ ಐಎನ್‌ಸಿ (ಭಾರತೀಯ ನರ್ಸಿಂಗ್ ಕೌನ್ಸಿಲ್) ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. 2017ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಿಗೆ ಅದು ಬೇಕೋ ಬೇಡವೋ ಅಂತ ಕೋರ್ಟ್ ತನಕ ಗಲಾಟೆ ಆಯಿತಲ್ಲ, ಆಗ ಓದುತ್ತಿದ್ದವನು ನಾನು. ಗಲ್ಫ್‌ಗೆ ಹೋಗುವವರ ಸರ್ಟಿಫಿಕೇಟ್ ಪರಿಶೀಲಿಸುವ ಡಾಟಾಫ್ಲೋಗೆ ಪೇಪರ್ ಕಳಿಸಿದರೆ ಕಾಲೇಜಿನವರು ಅವರ ಮೇಲ್‌ಗೆ ಉತ್ತರವೇ ಕೊಡಲಿಲ್ಲ. ಅಷ್ಟರಲ್ಲಿ ವೀಸಾ ಕೈತಪ್ಪಿತು. ಏಜೆಂಟ್‌ಗೆ ಕೊಟ್ಟ 80 ಸಾವಿರ ನೀರಿಗೆ. ಎರಡನೇ ಸಲ ಗಲ್ಫ್ ಲೈಸೆನ್ಸಿನ ಪ್ರೊಮೆಟ್ರಿಕ್ ಪರೀಕ್ಷೆ ಬರೆದೇ ಇಲ್ಲಿಗೆ ಬಂದೆ.

ಸಬ್‌ಸೆಂಟರ್: ಎಲ್ಲರೂ ಗಲ್ಫು, ಐಸಿಯು. ಎಎನ್‌ಎಂ ಬಗ್ಗೆ ಯಾರೂ ಮಾತಾಡಲ್ಲ. ಈಗ ನಮಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ದೊಡ್ಡ ಹೆಸರು ಕೊಟ್ಟಿದ್ದಾರೆ, ಕೆಲಸ ಅದೇ. ತಾಯಿ ಕಾರ್ಡು, ಲಸಿಕೆ ಕ್ಯಾರಿಯರ್ ಹೆಗಲಿಗೆ, ಕಾಫಿ ತೋಟದ ಲೈನ್ ಮನೆಗಳಿಗೆ ನಡಿಗೆ. ಗುತ್ತಿಗೆಯಲ್ಲಿ ಇದ್ದೇನೆ. ಪರ್ಮನೆಂಟ್ ಹುದ್ದೆಗೆ ಅರ್ಜಿ ಕರೆಯುತ್ತಾರೆ ಅಂತ ಕಾಯುತ್ತಾ ವಯಸ್ಸಿನ ಮಿತಿ ಹತ್ತಿರ ಬಂತು. ಆದರೂ ನಾನು ಕೈಯಾರೆ ಬಿಸಿಜಿ ಲಸಿಕೆ ಹಾಕಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ. ರಿಯಾದಲ್ಲಿ ಅದು ಸಿಗುತ್ತಾ?

ಕಡೂರಿನವನು: ಬಸ್ಸಲ್ಲಿ ಓಡಾಡೋ ವಿಷಯ...

ರಿಯಾದ್ ಬ್ರದರ್: ನಾನು ಯಾರ ಹೊಟ್ಟೆ ಮೇಲೂ ಹೊಡೆದಿಲ್ಲ ಮೇಡಂ. ಇಬ್ಬರು ತಂಗಿಯರ ಮದುವೆ ಈ ದುಡ್ಡಿನಲ್ಲೇ ಆಗಿದ್ದು.

ಐಸಿಯು ಅಕ್ಕ: ಹೋಂಕೇರ್‌ನವರಿಗೆ ಒಂದು ಮಾತು. ಮಗ್ಗುಲು ಬದಲಿಸುವುದು ಸರಿ. ಆದರೆ ಮನೆಗಳಲ್ಲಿ ಜಿಡಿಎಗಳು ಇಂಜೆಕ್ಷನ್ ಕೊಡುತ್ತಾರೆ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಟ್ಯೂಬ್ ಶ್ವಾಸಕೋಶಕ್ಕೆ ಹೋದರೆ ಯಾರು ಹೊಣೆ?

ಹೋಂಕೇರ್ ಹಾಸನ: ಟ್ಯೂಬ್ ನಾನು ಹಾಕಲ್ಲ, ಸ್ಟಾಫ್ ನರ್ಸ್ ಬಂದು ಹಾಕುತ್ತಾರೆ. ನಾನು ಫೀಡ್ ಕೊಡುತ್ತೇನೆ. ತಲೆದಿಸೆ ಏರಿಸಿ, ಮೂಗಿನ ಹತ್ತಿರ ಟ್ಯೂಬಿನ ಮೇಲಿನ ಗುರುತು ನೋಡಿ, ನಿಧಾನವಾಗಿ ಬಿಡುತ್ತೇನೆ. ಕೊಟ್ಟ ಮೇಲೂ ತಕ್ಷಣ ಮಲಗಿಸಲ್ಲ. ಇಂಜೆಕ್ಷನ್ ಕೊಡು ಅಂದವರ ಮನೆಯಿಂದ ಎದ್ದು ಬಂದಿದ್ದೇನೆ. ಈಗ ನೀವು ಹೇಳಿ. ಹೋದ ವರ್ಷ ನಾನು ನೋಡಿಕೊಂಡ ತಾತ ದೊಡ್ಡಾಸ್ಪತ್ರೆ ಐಸಿಯುನಿಂದ ಬಂದವರು. ಸೊಂಟದ ಕೆಳಗೆ ಅಂಗೈ ಅಗಲ ಬೆಡ್‌ಸೋರ್. ಅಲ್ಲಿ ರಿಜಿಸ್ಟರ್‌ನಲ್ಲಿ ಹೆಸರಿದ್ದವರೇ ಇದ್ದರು ಅಲ್ವಾ?

ಐಸಿಯು ಅಕ್ಕ: ನೈಟ್ ಡ್ಯೂಟಿಗೆ ಎಷ್ಟು ಜನ ಇರುತ್ತೇವೆ ಅಂತ ಗೊತ್ತಾ ನಿಮಗೆ? ಒಬ್ಬರು ವೆಂಟಿಲೇಟರ್ ಹತ್ತಿರ ನಿಂತರೆ ಉಳಿದವರನ್ನು ಹೊರಳಿಸಲು ಕೈ ಎಲ್ಲಿದೆ?

ಹೋಂಕೇರ್ ಹಾಸನ: ಹಾಗಾದರೆ ನೈಟಿಗೆ ಜಿಡಿಎ ಹಾಕಿಸಿಕೊಳ್ಳಿ. ಬೇಡ ಅಂದವರು ಯಾರು?

ಐಸಿಯು ಅಕ್ಕ: ಅದನ್ನು ಮ್ಯಾನೇಜ್‌ಮೆಂಟ್‌ಗೆ ಹೇಳಿ ನೋಡಿ. ನಮ್ಮನ್ನು ತೆಗೆದು ನಿಮ್ಮನ್ನೇ ಹಾಕಿಕೊಳ್ಳುತ್ತಾರೆ, ಅರ್ಧ ಸಂಬಳಕ್ಕೆ.